ಮುಕುಂದನ ಅರವತ್ತು ಊಟ

ಸುಬ್ರಾಯ ಉಪಾಧ್ಯರು ಉಡುಪಿ ಕಡೆಯ ಮದುವೆ ಅಡುಗೆಯವರು. ಅವರ ತಂಡದಲ್ಲಿ ಸಾರು, ಹುಳಿ ನೋಡಿಕೊಳ್ಳುತ್ತಿದ್ದವನು ಮುಕುಂದ. ಕೈರುಚಿ ಚೆನ್ನಾಗಿತ್ತು, ಮರೆವು ಜಾಸ್ತಿ. ಉಪ್ಪು ಹಾಕಿದೆನೋ ಇಲ್ಲವೋ ಎಂಬುದೇ ಅವನಿಗೆ ನೆನಪಿರುತ್ತಿರಲಿಲ್ಲ.

ಮನೆಯ ಅಡುಗೆಯಾದರೆ ಒಂದು ಹನಿ ನಾಲಿಗೆಗೆ ಹಚ್ಚಿ ನೋಡಬಹುದು. ಇಲ್ಲಿ ದೇವರಿಗೆ ನೈವೇದ್ಯವಾಗುವ ಮೊದಲು ಯಾರೂ ರುಚಿ ನೋಡುವಂತಿಲ್ಲ. ಉಪ್ಪಿಲ್ಲದ್ದಕ್ಕೆ ಆಮೇಲೆ ಹಾಕಬಹುದು. ಎರಡು ಸಲ ಬಿದ್ದದ್ದನ್ನು ತೆಗೆಯಲಾಗದು.

ಮಾಘದ ಒಂದು ಮದುವೆಯಲ್ಲಿ ಸಾರಿಗೆ ಉಪ್ಪು ಎರಡು ಸಲ ಬಿತ್ತು. ಮುನ್ನೂರು ಜನರ ಸಾರು ಚೆಲ್ಲಬೇಕಾಯಿತು. ಉಪಾಧ್ಯರು ಬೈಯಲಿಲ್ಲ. ಆಷಾಢ ಬಂದು ಮದುವೆಗಳು ನಿಲ್ಲುವವರೆಗೆ ನೋಡುತ್ತೇನೆ, ಸರಿಯಾಗದಿದ್ದರೆ ಒಲೆ ಬಿಟ್ಟು ಕಾಯಿ ತುರಿಯಲು ಕೂತುಕೋ ಎಂದರು. ಮುಕುಂದನಿಗೆ ಅಂದು ಊಟ ಸೇರಲಿಲ್ಲ. ಅವನು ಆಸೆಪಟ್ಟು ಕಲಿತದ್ದು ಒಲೆಯ ಕೆಲಸವೊಂದನ್ನೇ.

ಸಲಹೆಗಳಿಗೆ ಕೊರತೆಯಾಗಲಿಲ್ಲ. ಅವನ ದೊಡ್ಡಮ್ಮ, ನೆನಪಿಗೆ ಒಳ್ಳೆಯದೆಂದು ದಿನಾ ಒಂದೆಲಗದ ತಂಬುಳಿ ಉಣ್ಣಲು ಹೇಳಿದರು. ತರಕಾರಿ ಹೆಚ್ಚುವ ಪದ್ದಣ್ಣ, ಉಪ್ಪು ಹಾಕಿದಾಗಲೆಲ್ಲ ಹೆಗಲ ಮೇಲಿನ ಬೈರಾಸಿಗೆ ಒಂದು ಗಂಟು ಹಾಕು ಎಂದ. ಉಪಾಧ್ಯರದು ಹಳೆಯ ಉಪದೇಶ: ಒಲೆಯ ಮುಂದೆ ಮೌನವಾಗಿರು, ಮಾತಿನಲ್ಲಿ ಗಮನ ಹೋಗುತ್ತದೆ.

ಮುಕುಂದ ಮೊದಲು ಮೂರನ್ನೂ ಒಟ್ಟಿಗೆ ಮಾಡಿದ. ಒಂದು ದಿನ ಸರಿಹೋಯಿತು, ಮರುದಿನ ಕೆಟ್ಟಿತು. ಯಾವುದರಿಂದ ಏನಾಯಿತು ಎಂದು ತಿಳಿಯಲಿಲ್ಲ. ಆಗ ಒಂದು ನಿಯಮ ಮಾಡಿಕೊಂಡ. ಒಂದು ಸಲಕ್ಕೆ ಒಂದೇ ಸಲಹೆ, ಹತ್ತು ಊಟದವರೆಗೆ. ಹಾಕಿದೆನೋ ಎಂಬ ಸಂಶಯ ಬಂದರೂ ಅದು ತಪ್ಪೇ. ಅಂಥ ಕೊಪ್ಪರಿಗೆಯನ್ನು ಮುಟ್ಟದೆ ಬಿಟ್ಟು, ನೈವೇದ್ಯದ ನಂತರ ಸರಿಮಾಡುವುದು. ತಪ್ಪುಗಳನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯುವುದು.

ಒಂದೆಲಗಕ್ಕೆ ನಾಲ್ಕು ತಪ್ಪಾಯಿತು. ತಂಬುಳಿ ಮಾತ್ರ ರುಚಿಯಾಗಿತ್ತು. ಬೈರಾಸಿಗೆ ಆರು. ಗಂಟು ಮೂರು, ಕೊಪ್ಪರಿಗೆ ನಾಲ್ಕು. ಯಾವುದು ಬಾಕಿ ಎಂದು ಗಂಟು ಹೇಳಲಿಲ್ಲ. ಮೌನಕ್ಕೆ ಐದು. ಆದರೆ ಆ ವಾರ ದಿನಕ್ಕೆರಡು ಮದುವೆಗಳಿದ್ದವು. ದಣಿವಿನ ತಪ್ಪನ್ನು ಮೌನದ ಮೇಲೆ ಹಾಕುವುದು ನ್ಯಾಯವಲ್ಲ ಎಂದು ಇನ್ನೂ ಹತ್ತು ಊಟ ಮೌನವಾಗಿದ್ದ. ಆಗಲೂ ನಾಲ್ಕು ತಪ್ಪಾಯಿತು.

ಕೊನೆಗೆ ತನ್ನದೇ ಒಂದು ಉಪಾಯ ಹೂಡಿದ. ಬೆಳಿಗ್ಗೆಯೇ ಒಂದೊಂದು ಕೊಪ್ಪರಿಗೆಯ ಉಪ್ಪನ್ನು ಅಳೆದು, ಬಾಳೆಲೆಯ ಚೂರಿನಲ್ಲಿ ಅದರದರ ಒಲೆಯ ಪಕ್ಕ ಇಟ್ಟ. ಉಪ್ಪು ಸುರಿದ ಕೂಡಲೇ ಎಲೆಯನ್ನು ಬೆಂಕಿಗೆ ಹಾಕಿದ. ಎಲೆ ಇದ್ದರೆ ಹಾಕಿಲ್ಲ, ಇಲ್ಲದಿದ್ದರೆ ಹಾಕಿದೆ. ಹತ್ತು ಊಟಕ್ಕೆ ಒಂದೂ ತಪ್ಪಲಿಲ್ಲ. ತನ್ನ ಉಪಾಯವೆಂದು ರಿಯಾಯಿತಿ ಕೊಡಬಾರದಲ್ಲ. ಮತ್ತೆ ಹತ್ತು ನೋಡಿದ. ಆಗಲೂ ಇಲ್ಲ.

ಜ್ಯೇಷ್ಠ ಮುಗಿಯುತ್ತಾ ಬಂತು. ಉಪಾಧ್ಯರು ಎಲ್ಲರೆದುರು ಕೇಳಿದರು, ತಮ್ಮ ಮೌನದ ಉಪದೇಶ ಫಲ ಕೊಟ್ಟಿತೇ ಎಂದು. ಪದ್ದಣ್ಣ ಮೆಲ್ಲನೆ, "ಹೌದು ಅಂದುಬಿಡು ಮಾರಾಯ, ಕಾಯಿ ತುರಿಯುವ ಮಣೆ ಇಲ್ಲೇ ಉಂಟು" ಎಂದ.

ಮುಕುಂದ ಕ್ಯಾಲೆಂಡರ್ ತೋರಿಸಿದ. "ನನಗೆ ಅದು ಒಗ್ಗಲಿಲ್ಲ ಉಪಾಧ್ಯರೇ. ಇಪ್ಪತ್ತು ಊಟಕ್ಕೆ ಒಂಬತ್ತು ತಪ್ಪು. ಬಾಯಿ ಮುಚ್ಚಿದರೆ ನನ್ನ ಮನಸ್ಸು ಊರು ಸುತ್ತಲು ಹೊರಡುತ್ತದೆ." ಎಲೆಯ ಲೆಕ್ಕವನ್ನೂ ಹೇಳಿದ.

ಉಪಾಧ್ಯರು ಕ್ಯಾಲೆಂಡರನ್ನು ಬೆಳಕಿಗೆ ಹಿಡಿದು ಪೂರ್ತಿ ಓದಿದರು.

"ನಲವತ್ತು ವರ್ಷದಿಂದ ಹೇಳುತ್ತಿದ್ದೇನೆ" ಎಂದರು. "ಎಲ್ಲರೂ ತಲೆಯಾಡಿಸಿದರು. ಮಾಡಿ ನೋಡಿದವ ನೀನೊಬ್ಬ."

ನಾಳೆಯಿಂದ ಎಲ್ಲರೂ ಎಲೆ ಇಡಬೇಕು ಎಂದು ಅಪ್ಪಣೆಯಾಯಿತು. ಮುಕುಂದ ತಡೆದ. ಇದು ತನಗೆ ಒಗ್ಗಿತು, ಅವರವರು ಹತ್ತು ಊಟ ನೋಡಿ ತೀರ್ಮಾನಿಸಲಿ ಎಂದ. ಉಪಾಧ್ಯರು ನಕ್ಕು ಒಪ್ಪಿದರು.

ಆಷಾಢದ ಮುಂಚಿನ ಕೊನೆಯ ಮದುವೆಗೆ ಆರುನೂರು ಜನ. ಪೂರ್ತಿ ಒಲೆಸಾಲನ್ನು ಉಪಾಧ್ಯರು ಮುಕುಂದನಿಗೆ ಬಿಟ್ಟು, ತಾವು ಹೊರಗೆ ಚಪ್ಪರದಲ್ಲಿ ಕುಳಿತರು. ಎರಡನೆಯ ಬಾರಿ ಸಾರು ಬಡಿಸಿಕೊಂಡ ಹಿರಿಯರೊಬ್ಬರು, ಇಂದಿನ ಕೈ ಯಾರದು ಎಂದು ಕೇಳಿದರು. ಉಪಾಧ್ಯರು ಎದ್ದು ನಿಂತು ಹೇಳಿದರು:

"ನನ್ನ ಶಿಷ್ಯನದು. ಅಡುಗೆ ನಾನು ಕಲಿಸಿದ್ದು. ಪರೀಕ್ಷೆ ಮಾಡುವುದನ್ನು ಅವನಿಂದ ನಾನು ಕಲಿತೆ."

ನೀತಿ: ಉಪದೇಶಕ್ಕೆ ಕೊಡುವ ದೊಡ್ಡ ಮರ್ಯಾದೆ ಎಂದರೆ ಅದನ್ನು ಮಾಡಿ ನೋಡುವುದು. ಒಂದೊಂದಾಗಿ ನೋಡಿ, ನ್ಯಾಯವಾಗಿ ನೋಡಿ. ಒಗ್ಗಿದ್ದನ್ನು ಇಟ್ಟುಕೊಳ್ಳಿ, ಒಗ್ಗದ್ದನ್ನು ಅಂಜದೆ ಹೇಳಿ.