ಉಪ್ಪು ಹಾಕಿದ ಮಜ್ಜಿಗೆ

"ಮಜ್ಜಿಗಿ ಕುಡದು ಹೋಗ್ರಿ. ಉಪ್ಪು ಹಾಕೇನಿ."

ಹೊಳೆವ್ವ ತನ್ನ ಗಂಡನಿಗೆ ಹೇಳಿದ ಕಡೆಯ ಮಾತು ಇದು. ಸುಣಗಾರ ಭರಮಪ್ಪ "ಬಂದು ಕುಡಿತೀನಿ" ಅಂದು ಸುಣ್ಣದ ಭಟ್ಟಿಗೆ ಹೋದ. ಮಧ್ಯಾಹ್ನ ಕರೆ ಬಂತು. ಮೇವು ಹಿರಿಯಲು ಹೋದವಳಿಗೆ ಬಣವೆಯಲ್ಲಿ ಹಾವು ಕಚ್ಚಿತ್ತು. ಅವನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಂಬಿಗೆಯ ಮಜ್ಜಿಗೆ ಮುಚ್ಚಿಟ್ಟ ಹಾಗೇ ಇತ್ತು.

ಹೋದವರ ಹೆಸರಿನಲ್ಲಿ ಪ್ರೀತಿಯದೊಂದನ್ನು ಬಿಡುವುದು ಆ ಕಡೆಯ ರೂಢಿ. ಒಬ್ಬರು ಬದನೆಕಾಯಿ ಬಿಡುತ್ತಾರೆ, ಒಬ್ಬರು ಎಲೆಅಡಿಕೆ. ಭರಮಪ್ಪ ಮಜ್ಜಿಗೆ ಬಿಟ್ಟ. ಎಮ್ಮೆಯ ಹಾಲೆಲ್ಲ ಪಕ್ಕದ ಮನೆಗೆ ಹೋಗತೊಡಗಿತು.

ಬೇಸಿಗೆ ಬಂತು. ಭಟ್ಟಿಯ ಮುಂದೆ ಮೈಯೆಲ್ಲ ನೀರಾಗಿ ಇಳಿಯುತ್ತಿತ್ತು. ಅವನು ಬರೀ ನೀರು ಕುಡಿದ. ಕೊಡಗಟ್ಟಲೆ ಕುಡಿದ. ಬೆನ್ನ ಮೇಲೆ ಬೆವರು ಒಣಗಿ ಬೆಳ್ಳಗೆ ಉಪ್ಪುಗಟ್ಟಿತು. ಒಂದು ದಿನ ಕಾಲಿನ ಮೀನಖಂಡಗಳು ಸೆಳೆತು ಗಂಟಾದವು. ಕುಡಿದ ನೀರು ವಾಂತಿಯಾಯಿತು. ಕಣ್ಣು ಕತ್ತಲೆಗಟ್ಟಿ ಬಿದ್ದ. ಜೊತೆಯವರು ಹೊತ್ತುಕೊಂಡು ಸಾಧು ಚಿಕ್ಕಯ್ಯಜ್ಜನವರ ಬಳಿಗೆ ತಂದರು.

ಪೂಜ್ಯ ಅಜ್ಜನವರಿಗೆ ಮಠವೆಂಬುದಿರಲಿಲ್ಲ. ಭಟ್ಟಿಯಾಚೆ ಒಂದು ಹುಣಸೆಮರದ ನೆರಳು, ಒಂದು ಗೋಣಿತಾಟು, ಅಷ್ಟೇ. ಹಗ್ಗ ಹೊಸೆಯುತ್ತಿದ್ದವರು ಅದನ್ನು ಬಿಟ್ಟು ಎದ್ದರು.

ಜನ ಸೇರಿತು. ಒಬ್ಬಾಕೆ ಕಬ್ಬಿನ ಹಾಲು ತಂದಳು. ಒಬ್ಬ ಚಹಾದ ಕಿಟ್ಲಿ ಹಿಡಿದು ಬಂದ.

"ಬಿಸಿ ಚಹಾ ಹಾಕ್ರಿ, ಎದ್ದು ಕುಂದರತಾನ."

"ಹೊಟ್ಯಾಗ ನೀರ ನಿಂದ್ರವಲ್ದು, ನಿನ್ನ ಚಹಾ ನಿಂದ್ರತೈತೇನು? ನೀನ ಕುಡಿ ಅದನ್ನ," ಎಂದಳು ಕಬ್ಬಿನ ಹಾಲಿನಾಕೆ.

ಅಜ್ಜನವರು ಭರಮಪ್ಪನ ಹಣೆಯ ಮೇಲೆ ಬೆರಳಾಡಿಸಿದರು. ಆ ಬೆರಳನ್ನು ತಮ್ಮ ನಾಲಿಗೆಗೆ ಮುಟ್ಟಿಸಿಕೊಂಡರು. ಜನ ದಂಗಾದರು.

"ಹೋಗಿದ್ದು ಬರೀ ನೀರಲ್ಲ. ಉಪ್ಪು ಹಾಕಿದ ಮಜ್ಜಿಗಿ ತರ್ರಿ," ಎಂದು ಅಪ್ಪಣೆಯಾಯಿತು.

ಮಜ್ಜಿಗೆ ಬಂತು. ಭರಮಪ್ಪ ಹಲ್ಲು ಕಚ್ಚಿದ.

"ಒಲ್ಲೆ ಅಜ್ಜಾರ. ಆಕಿ ಹೆಸರಲೆ ಬಿಟ್ಟೀನಿ."

"ಜೀವ ಹೋದೀತಲೋ!" ಎಂದರು ಜೊತೆಯವರು.

"ಹೋಗ್ಲಿ."

ಅಜ್ಜನವರು ಬಯ್ಯಲಿಲ್ಲ. ಅವನ ತಲೆಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

"ಆಕಿ ಕಡೀಕ ಏನಂದಳೋ, ತಮ್ಮಾ?"

ಆ ಮಾತನ್ನು ಭರಮಪ್ಪ ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದ.

ಅಜ್ಜನವರು ಮಜ್ಜಿಗೆಯನ್ನು ಹತ್ತಿರ ಎಳೆದುಕೊಂಡರು. "ಆಕಿ ಕುಡಿ ಅಂದಾಳ. ನೀ ಬಿಟ್ಟೇನಿ ಅಂತೀ. ಆಕಿ ಮಾತು ಇನ್ನೂ ಹಂಗ ಬಿದ್ದೈತಲ್ಲೋ."

ಭರಮಪ್ಪ ಬಾಯಿ ತೆರೆದ.

ಹೊತ್ತು ಇಳಿಯುವವರೆಗೆ ಅಜ್ಜನವರು ಗುಟುಕು ಗುಟುಕಾಗಿ ಹಾಕುತ್ತ ಕುಳಿತರು. ಮಜ್ಜಿಗೆ ಹೊಟ್ಟೆಯಲ್ಲಿ ನಿಂತಿತು. ಕಾಲಿನ ಗಂಟು ಬಿಚ್ಚಿತು. ಹೆಂಡತಿ ಸತ್ತ ದಿನವೂ ಒಣಗಿಯೇ ಇದ್ದ ಅವನ ಕಣ್ಣು ತುಂಬಿ ಹರಿಯಿತು.

ಅಜ್ಜನವರು ನಕ್ಕರು. "ನೀರು ತಿರುಗಿ ಬಂತು."

ಆ ಸಂಜೆ ಭರಮಪ್ಪ ಪಕ್ಕದ ಮನೆಯಲ್ಲಿ ಹೆಪ್ಪು ಕೇಳಿ ತಂದು ಹಾಲಿಗೆ ಹಾಕಿದ. ಬೆಳಿಗ್ಗೆ ಎದ್ದು, ಹೊಳೆವ್ವ ಕಂಬಕ್ಕೆ ಕಟ್ಟಿದ್ದ ಕಡಗೋಲು ಬಿಚ್ಚಿದ. ಧೂಳು ತೊಳೆದ. ಕಡೆದ. ಉಪ್ಪು ಹಾಕಿದ. ಅದೇ ತಂಬಿಗೆಯಲ್ಲಿ ಕುಡಿದ. ಉಳಿದದ್ದನ್ನು ಜೊತೆಯವರಿಗೆಂದು ಗಡಿಗೆಗೆ ಸುರಿದು ಹೆಗಲಿಗೇರಿಸಿದ.

"ಕುಡದು ಹೊಂಟೇನಿ," ಎಂದು ಒಳಗಿನ ಕೋಣೆಗೆ ಕೇಳುವ ಹಾಗೆ ಹೇಳಿ, ಬಾಗಿಲು ಎಳೆದುಕೊಂಡು ಕೆಲಸಕ್ಕೆ ಹೋದ.