ಕುಲಾವಿ ತೊಟ್ಟ ಕುಂಬಳಮಿಡಿ

"ಅಪ್ಪಾರೆ, ನಾನು ಕಟ್ಟಿದ ಪದಗಳನ್ನು ಯಾರ ಮುಂದೆಯೂ ಹಾಡದೆ ಇಟ್ಟುಕೊಂಡರೆ ತಪ್ಪೇ?" ಎಂದು ಶಿಷ್ಯ ಅಡಿವೆಪ್ಪ ಕೇಳಿದ. "ಹಾಡಿದರೆ ಒಬ್ಬ ರಾಗ ಸರಿಯಿಲ್ಲ ಎನ್ನುತ್ತಾನೆ, ಇನ್ನೊಬ್ಬ ಅರ್ಥ ಸರಿಯಿಲ್ಲ ಎನ್ನುತ್ತಾನೆ. ಎಳೆಯ ಪದಗಳು, ಬಾಡಿಹೋಗುತ್ತವೆ. ಚೆನ್ನಾಗಿ ಬಲಿತ ಮೇಲೆ ಹೊರಗೆ ತೆಗೆಯುತ್ತೇನೆ."

ಗುರುಗಳು ಮಠದ ಹಿತ್ತಲಲ್ಲಿ ಬದನೆ ಸಸಿಗಳಿಗೆ ನೀರು ಹಾಕುತ್ತಿದ್ದರು. ತಂಬಿಗೆ ಕೆಳಗಿಟ್ಟರು.

"ಎಂದಿನಿಂದ ಬಲಿಯುತ್ತಿವೆ?"

"ನಾನು ಮಠಕ್ಕೆ ಬಂದಾಗಿನಿಂದ."

"ಭಲೇ! ನಿನ್ನ ಗಡ್ಡವೇ ಬೆಳ್ಳಗಾಗುತ್ತಾ ಬಂತು. ಕೂತುಕೋ, ಒಬ್ಬ ನೇಕಾರನ ಕತೆ ಹೇಳುತ್ತೇನೆ" ಎಂದು ಗುರುಗಳು ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಮಗ್ಗದಲ್ಲಿ ಕೂತರೆ ಕೈ ಚುರುಕು, ಹಿತ್ತಲಿಗೆ ಇಳಿದರೆ ಎದೆ ಪುಕ್ಕಲು. ಹಿತ್ತಲೂ ಏನು ದೊಡ್ಡದಲ್ಲ, ನಾಲ್ಕು ಸೀರೆ ಹಾಸಿದರೆ ಮುಗಿಯಿತು. ಅಷ್ಟರಲ್ಲೇ ಒಂದಿಷ್ಟು ಮೆಂತ್ಯ, ಬದನೆ, ದೇವರಿಗೆಂದು ದುಂಡುಮಲ್ಲಿಗೆ. ಮೂಲೆಯಲ್ಲಿ ಒಂದು ಕುಂಬಳ ಬಳ್ಳಿ.

ಅವನ ಒಬ್ಬಳೇ ಮಗಳು ಚೊಚ್ಚಲ ಬಸುರಿಯಾಗಿ ತವರಿಗೆ ಬಂದಳು. ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಕುಬಸಕ್ಕೆ ಇನ್ನೂ ಸಾಕಷ್ಟು ದಿನವಿತ್ತು. ಬಯಕೆ ಏನವ್ವ ಎಂದು ಅಪ್ಪ ಕೇಳಿದ.

"ನಮ್ಮ ಹಿತ್ತಲದ ಕುಂಬಳಕಾಯಿ ಗಾರಿಗಿ ತಿನ್ನಬೇಕು ಅನಿಸೇತಿ ಅಪ್ಪಾ. ಸಂತ್ಯಾಗಿಂದು ಬ್ಯಾಡ."

ಸಂತೆಯಲ್ಲಿ ಕುಂಬಳ ರಾಶಿ ರಾಶಿ ಬಿದ್ದಿರುತ್ತದೆ. ಆದರೆ ಬಯಕೆ ಎಂದರೆ ಬಯಕೆ. ಅದು ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂದು ಊರು ನಂಬಿತ್ತು. ನೇಕಾರ ಊರಿಗಿಂತ ಒಂದು ಕೈ ಹೆಚ್ಚೇ ನಂಬಿದ್ದ. ಕುಬಸದ ದಿನ ತಿನ್ನಿಸುತ್ತೇನೆ ಎಂದು ಮಗಳಿಗೆ ಮಾತು ಕೊಟ್ಟ.

ಮಾತು ಕೊಟ್ಟದ್ದೇ ತಡ, ಅವನಿಗೆ ಭಯ ಹತ್ತಿತು. ಕುಂಬಳದ ಮಿಡಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆ ಎಂಬುದನ್ನು ನೀನೂ ಕೇಳಿದ್ದೀ, ನಾನೂ ಕೇಳಿದ್ದೇನೆ. ತೋರಿಸಲೇಬೇಕಾದರೆ ಬೆರಳು ಮಡಚಿ ತೋರಿಸಬೇಕು. ಬೆರಳಾದರೆ ಮಡಚಬಹುದು, ಕಣ್ಣು ಮಡಚಲು ಬರುತ್ತದೆಯೇ? ದಾರಿಯಲ್ಲಿ ಹೋಗುವವರಿಗೆಲ್ಲ ಎರಡೆರಡು ಕಣ್ಣು. ಅದರಲ್ಲೂ ಪಕ್ಕದ ಮನೆಯ ಮುದುಕಿ ಎಂದರೆ ಅವನಿಗೆ ನಡುಕ. ಅವಳು ನೋಡಿದ್ದನ್ನು ಬಾಯಿಬಿಟ್ಟು ಹೊಗಳದೆ ಬಿಡುವವಳಲ್ಲ. ಮೊದಲು ನಡುವಿನ ಗೋಡೆಯ ಮೇಲೆ ಗೋಣಿತಟ್ಟು ಕಟ್ಟಿ ಮರೆ ಮಾಡಿದ.

ಆಮೇಲೆ ಒಳಗೆ ಹೋದ. ಹೆಂಡತಿ ಬರುವ ಮೊಮ್ಮಗುವಿಗೆಂದು ಖಣದ ಬಟ್ಟೆಯ ತುಂಡುಗಳಲ್ಲಿ ತಲೆಗೆ ಕಟ್ಟುವ ಕುಲಾವಿ ಹೊಲಿದು ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ಅವನ್ನೆಲ್ಲ ಹೊರಗೆ ತಂದ. ಬಳ್ಳಿಯಲ್ಲಿ ಎಲ್ಲೆಲ್ಲಿ ಮೊಗ್ಗಿನ ಕೆಳಗೆ ಗೋಲಿಯಷ್ಟು ಮಿಡಿ ಕಂಡಿತೋ ಅಲ್ಲೆಲ್ಲ ಮೊಗ್ಗು ಸಮೇತ ಕುಲಾವಿ ತೊಡಿಸಿ, ಕೂಸಿನ ಗದ್ದಕ್ಕೆ ಕಟ್ಟುವಂತೆ ಲಾಡಿ ಬಿಗಿದ. ಹಿತ್ತಲು ಬಾಣಂತಿ ಕೋಣೆಯಾಯಿತು.

ಹೆಂಡತಿ ನೋಡಿ ಹಣೆ ಚಚ್ಚಿಕೊಂಡಳು. "ನಿಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ! ನಾಳೆ ಕೂಸು ಹುಟ್ಟಿದರ ಅದರ ತಲಿಗೆ ಏನು ಕಟ್ಟಲಿ, ಕುಂಬಳದ ಎಲಿ ಕಟ್ಟಲ್ಯಾ?"

ಅಡಿವೆಪ್ಪ ಇಲ್ಲಿ ಕಿಸಕ್ಕನೆ ನಕ್ಕ. "ನಗು, ನಗು" ಎಂದರು ಗುರುಗಳು. "ಕುಂಬಳಕಾಯಿ ಕಳ್ಳ ಎಂದಾಗ ಮಾತ್ರ ಹೆಗಲು ಮುಟ್ಟಿ ನೋಡಿಕೊಳ್ಳಬೇಡ." ಮತ್ತೆ ಕತೆ ಮುಂದುವರಿಸಿದರು.

ಬೆಳಿಗ್ಗೆ ಒಂದು ಜೇನುಹುಳ ಬಂತು. ಕುಲಾವಿಯನ್ನು ಸುತ್ತು ಹಾಕಿತು. ಖಣದಲ್ಲಿ ನೇಯ್ದಿದ್ದ ಹೂವಿನ ಮೇಲೆ ಕೂತಿತು, ಪಾಪ, ಏನೂ ಸಿಗದೆ ಎದ್ದಿತು. ನೇಕಾರ ಹೆಗಲ ಮೇಲಿನ ವಲ್ಲಿ ಬೀಸಿ ಅದನ್ನು ಓಡಿಸಿದ.

"ಹುಳ ಏನು ಮಾಡೇತಿ ಅಪ್ಪಾ?" ಎಂದಳು ಮಗಳು.

"ಅದಕ್ಕೂ ಕಣ್ಣು ಅದಾವ!" ಎಂದ ನೇಕಾರ.

ಮಿಡಿಗಳು ಕುಲಾವಿಯೊಳಗೇ ಹಳದಿಯಾಗಿ ಉದುರಿದವು. ಯಾರದೋ ಕಣ್ಣು ಬಟ್ಟೆ ತೂರಿ ಹೋಗಿದೆ ಎಂದು ಅವನಿಗೆ ಖಾತ್ರಿಯಾಯಿತು. ನೇಯ್ಗೆಯೇ ಸಡಿಲವಾಯಿತೇನೋ ಎಂದು ಹುಟ್ಟಿದ ಮೇಲೆ ಮೊದಲ ಸಲ ತನ್ನ ಮಗ್ಗವನ್ನೇ ಬೈದ. ಆಮೇಲೆ ಬಂದ ಮಿಡಿಗಳಿಗೆ ಎರಡು ಪದರ ಹಾಕಿದ. ಅವೂ ಉದುರಿದವು. ಉಪ್ಪು ಮೆಣಸಿನಕಾಯಿಯಿಂದ ಬಳ್ಳಿಗೆ ದೃಷ್ಟಿ ತೆಗೆದು ಒಲೆಗೆ ಹಾಕಿದ. ಮನೆಮಂದಿಯೆಲ್ಲ ಕೆಮ್ಮಿ ಕೆಮ್ಮಿ ಹೊರಗೆ ಓಡಿದರು. ಮಿಡಿ ಮಾತ್ರ ನಿಲ್ಲಲಿಲ್ಲ.

ನಾಳೆ ಕುಬಸ ಎನ್ನುವಾಗ ಬಳ್ಳಿಯಲ್ಲಿ ಬರೀ ಕುಲಾವಿಗಳು ಜೋತಾಡುತ್ತಿದ್ದವು. ನೇಕಾರ ಹಿತ್ತಲ ಕಲ್ಲಿನ ಮೇಲೆ ಕೂತು ಅತ್ತ. ಇದರಲ್ಲಿ ನಗುವಂಥದ್ದೇನೂ ಇಲ್ಲ, ಅವನು ನಿಜವಾಗಿಯೇ ಅತ್ತ. ಮಗಳು ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು ಕಾಯಿ. ಸಂತೆಯಿಂದ ತಂದು ನಮ್ಮದೇ ಎಂದು ಹೇಳೋಣ ಎಂದು ಹೆಂಡತಿ ಸಮಾಧಾನ ಹೇಳಿದಳು. "ಬಸುರಿ ಮಗಳಿಗೆ ಸುಳ್ಳು ಉಣಿಸಲೇನು?" ಎಂದು ಇನ್ನೂ ಜೋರಾಗಿ ಅತ್ತ.

ಅಳುವ ಸದ್ದು ಕೇಳಿ ಪಕ್ಕದ ಮನೆಯ ಮುದುಕಿ ಬಾಗಿಲಿಗೆ ಬಂದಳು. ಸೊಂಟದ ಮೇಲೆ ಕೂಸಿನ ಹಾಗೆ ಒಂದು ಕುಂಬಳಕಾಯಿ.

"ತಗೋ ತಮ್ಮಾ, ಇದು ನಿನ್ನ ಬಳ್ಳೀದು. ಒಂದು ಕುಡಿ ಗ್ವಾಡಿ ಜಿಗಿದು ನಮ್ಮ ತಿಪ್ಪಿ ಮ್ಯಾಲೆ ಮಲಗಿತ್ತು. ಕುಬಸಕ್ಕ ಕೊಡೂಣು ಅಂತ ಇಟ್ಟಿದ್ದೆ."

ನೇಕಾರ ಅಳು ನಿಲ್ಲಿಸಿ ಬಾಯಿ ಬಿಟ್ಟ. ತಾನೇ ಕಟ್ಟಿದ ಗೋಣಿತಟ್ಟು ಅವನ ಕಣ್ಣಿಗೂ ಮರೆಯಾಗಿತ್ತು. "ಇದನ್ನ ಯಾರೂ ನೋಡಲಿಲ್ಲೇನು?" ಎಂದು ಕೇಳಿದ.

"ನೋಡದವರು ಯಾರದಾರ? ನೀರಿಗೆ ಬಂದವರೆಲ್ಲ ನಿಂತು ನೋಡ್ಯಾರ. ನಾನಂತೂ ದಿನಾ ಮುಂಜಾನೆ, 'ನೋಡ್ರೇ, ನಮ್ಮ ನೇಕಾರನ ಕಾಯಿ ಹ್ಯಾಂಗ ಉಬ್ಬೇತಿ' ಅಂತ ಹಿಂಗ ತೋರಿಸೀನಿ" ಎನ್ನುತ್ತ ಮುದುಕಿ ಕಾಯಿಗೆ ನೆಟ್ಟಗೆ ಬೆರಳು ಚಾಚಿದಳು.

"ಬೆರಳು ಮಡಚಬೇ!" ಎಂದು ಕಿರುಚಿ ನೇಕಾರ ತನ್ನ ವಲ್ಲಿಯನ್ನು ಕಾಯಿಯ ಮೇಲೆ ಹೊದಿಸಿಬಿಟ್ಟ.

"ಇನ್ನೇನು ಹೊದಿಸ್ತೀಯೋ ಮಾರಾಯಾ, ನಾಳೆ ಒಲಿ ಏರೂದದು!" ಎಂದು ಮುದುಕಿ ನಕ್ಕಳು.

ಮರುದಿನ ಕುಬಸವಾಯಿತು. ಗಾರಿಗೆ ಕರಿದರು. ಮೊದಲನೆಯದನ್ನು ಮಗಳು ಮುದುಕಿಯ ಕೈಗೆ ಕೊಟ್ಟಳು, ಎರಡನೆಯದನ್ನು ತಾನು ತಿಂದಳು. ತಿನ್ನುತ್ತ ತಿನ್ನುತ್ತ ಅಪ್ಪನನ್ನು ನೋಡಿ, "ನಮ್ಮ ಹೂವಿನ ಬಾಗಿಲಿಗೆಲ್ಲ ಗಂಟು ಹಾಕಿದ ಮ್ಯಾಲೆ ಜೇನು ಎಲ್ಲಿಗೆ ಹೋಗಬೇಕು ಅಪ್ಪಾ? ಅತ್ಲಾಗ ತಿಪ್ಪಿ ಮ್ಯಾಲಿನ ಹೂವಿಗೆ ಹೋತು, ಅಲ್ಲೇ ಕಾಯಿ ಕಟ್ಟಿತು" ಎಂದಳು.

ನೇಕಾರ ಬಾಯಲ್ಲಿದ್ದ ಗಾರಿಗೆ ನುಂಗಲೂ ಇಲ್ಲ, ಉಗುಳಲೂ ಇಲ್ಲ. ಎದ್ದು ಹಿತ್ತಲಿಗೆ ಹೋದ. ಕುಲಾವಿಗಳನ್ನೆಲ್ಲ ಬಿಚ್ಚಿ ತಂದು ಹೆಂಡತಿಯ ಮುಂದೆ ಇಟ್ಟ. ಅವಳು ಒಗೆದು ಒಣಹಾಕಿದಳು.

ಗುರುಗಳು ಕತೆ ಮುಗಿಸಿ ತಂಬಿಗೆ ಎತ್ತಿಕೊಂಡರು. ಅಡಿವೆಪ್ಪ ನಕ್ಕು ನಕ್ಕು ಕಣ್ಣೊರೆಸಿಕೊಂಡ. "ಎಂಥ ಹುಚ್ಚ ಅಪ್ಪಾರೆ ಆ ನೇಕಾರ! ಹೂವಿಗೆ ಕುಲಾವಿ ಕಟ್ಟಿ ಕಾಯಿಗೆ ಕಾಯುತ್ತ ಕೂತನಲ್ಲ!"

"ಹುಚ್ಚನೇ" ಎಂದರು ಗುರುಗಳು. "ಆದರೂ ಅವನು ಆ ದಿನವೇ ಬಿಚ್ಚಿದ, ನಿನ್ನ ಪದಗಳ ಕುಲಾವಿ ಎಂದು ಬಿಚ್ಚುತ್ತೀ?"