ತಣ್ಣಗಿದ್ದಾಗ ನೋಡಬೇಕಾದ ಗಾಡಿ

"ಗುರುಗಳೇ, ಆರು ವರ್ಷದಿಂದ ಪ್ರತಿ ಸೋಮವಾರ ನಿಮ್ಮ ಮುಂದೆ ಬಂದು ಕೂರುತ್ತಿದ್ದೇನೆ. ನನ್ನ ಸಿಟ್ಟು ಮಾತ್ರ ಕೂದಲೆಳೆಯಷ್ಟೂ ಕಡಿಮೆಯಾಗಿಲ್ಲ. ಮನೆಯಲ್ಲಿ ನನ್ನ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಮಗಳು ಪುಸ್ತಕ ಎತ್ತಿಕೊಂಡು ಅಡುಗೆಮನೆ ಸೇರುತ್ತಾಳೆ. ಆದರೂ ನೀವು ಒಂದು ದಿನವೂ ನನ್ನನ್ನು ಗದರಿದವರಲ್ಲ, ತಿದ್ದಿದವರಲ್ಲ. ಯಾಕೆ?"

ಹೀಗೆ ಕೇಳಿದವನು ಕೊಟ್ರೇಶ, ಹೈಸ್ಕೂಲಿನ ಗಣಿತದ ಮೇಷ್ಟ್ರು. ಕೇಳಿಸಿಕೊಂಡವರು ಹಾಲಯ್ಯನವರು, ಊರಾಚೆಯ ಪುಟ್ಟ ಮಠದ ಮುದಿ ಗುರುಗಳು. ಉತ್ತರ ಕೇಳಿದವರಿಗೆ ಕತೆ ಹೇಳುವುದು ಅವರ ಹಳೆಯ ಚಾಳಿ.

"ಮೊದಲು ಆ ಮಜ್ಜಿಗೆ ಕುಡಿ. ಆರು ವರ್ಷ ಕಾದವನು ಇನ್ನರ್ಧ ಗಂಟೆ ಕಾದರೆ ಗಂಟೇನೂ ಹೋಗುವುದಿಲ್ಲ" ಎಂದು ಹಾಲಯ್ಯನವರು ಶುರು ಮಾಡಿದರು.

ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನಿಗೆ ಒಬ್ಬಳೇ ಅಕ್ಕ. ತಾಯಿ ಸತ್ತಾಗ ಅವನಿಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನಾಲ್ಕು. ಅವನನ್ನು ಸಾಕುವುದರಲ್ಲಿ ಅವಳ ಮದುವೆಯ ವಯಸ್ಸು ಕಳೆದೇ ಹೋಯಿತು. ಅದನ್ನು ಅವಳು ಒಂದು ದಿನವೂ ಬಾಯಿಬಿಟ್ಟು ಆಡಲಿಲ್ಲ, ಅವನು ಒಂದು ದಿನವೂ ಮರೆಯಲಿಲ್ಲ.

ಆ ಅಕ್ಕನ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಜಿಲ್ಲಾ ಆಸ್ಪತ್ರೆಗೆ ಹೋಗಿ ಯಂತ್ರಕ್ಕೆ ಮೈಕೊಟ್ಟು ರಕ್ತ ಶುದ್ಧ ಮಾಡಿಸಿಕೊಳ್ಳಬೇಕು. ಅವಳ ಸರದಿ ಬೆಳಿಗ್ಗೆ ಏಳಕ್ಕೆ. ಆಸ್ಪತ್ರೆ ಮೂವತ್ತು ಮೈಲಿ ದೂರ. ಅಷ್ಟು ಮುಂಚೆ ಆ ಊರಿಂದ ಬಸ್ಸಿಲ್ಲ. ಅದಕ್ಕಾಗಿಯೇ ವ್ಯಾಪಾರಿ ಒಂದು ಹಳೆಯ ಡೀಸೆಲ್ ಕಾರು ಕೊಂಡ. ಹಿಂದಿನ ಸೀಟಿಗೆ ಹತ್ತಿಯ ಹಾಸಿಗೆ ಹಾಕಿಸಿದ. ಅಕ್ಕ ಅದರ ಮೇಲೆ ಕೂತು, "ಏನೋ ತಮ್ಮಾ, ನನ್ನನ್ನು ಗಂಡನ ಮನೆಗೆ ಕಳಿಸೋ ಹಾಗಿದೆಯಲ್ಲೋ" ಎಂದು ನಕ್ಕಳು. ಅವನಿಗೆ ಕಣ್ಣು ತುಂಬಿ ಬಂತು. ಗಾಡಿಯ ಗಾಜು ಒರೆಸುವ ನೆಪ ಮಾಡಿದ.

ಬೇಸಿಗೆ, ಮಳೆಗಾಲ ಎರಡೂ ಚೆನ್ನಾಗಿ ಕಳೆದವು. ಚಳಿಗಾಲ ಬಂತು ನೋಡು, ಗಾಡಿ ಮೊಂಡು ಹಿಡಿಯಿತು. ಬೆಳಿಗ್ಗೆ ಐದಕ್ಕೆ ಕೀಲಿ ತಿರುಗಿಸಿದರೆ ಎಂಜಿನ್ ಗರಗರ ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ. ಹಿಂದಿನಿಂದ ಬಿಳೀ ಹೊಗೆ. ಆಮೇಲೆ ಅಕ್ಕಪಕ್ಕದ ಮನೆಯವರು ಮಂಕಿ ಟೋಪಿ ಹಾಕಿಕೊಂಡು, ಮೈಗೆ ಕಂಬಳಿ ಹೊದ್ದುಕೊಂಡು ಬಂದು ತಳ್ಳಬೇಕು. ಬೀದಿಯ ಕೊನೆಯವರೆಗೆ ತಳ್ಳಿದ ಮೇಲೆ ಅದು ನಾಲ್ಕು ಸಲ ಕೆಮ್ಮಿ ಶುರುವಾಗುತ್ತಿತ್ತು. ಒಮ್ಮೆ ಶುರುವಾಯಿತೋ, ದಿನವಿಡೀ ಬಂಗಾರದಂಥ ಗಾಡಿ. ಎಲ್ಲಿ ನಿಲ್ಲಿಸಿ ಎಲ್ಲಿ ತಿರುಗಿಸಿದರೂ ಅರ್ಧ ಕ್ಷಣದಲ್ಲಿ ಹೊರಡುತ್ತಿತ್ತು.

ಒಂದು ಶುಕ್ರವಾರ ಎಷ್ಟು ತಳ್ಳಿದರೂ ಅದು ಹೊತ್ತಿಕೊಳ್ಳಲಿಲ್ಲ. ಕೊನೆಗೆ ಹೇಗೋ ಶುರುವಾಗಿ ಆಸ್ಪತ್ರೆ ಮುಟ್ಟಿದಾಗ ಎಂಟಾಗಿತ್ತು. ಅಕ್ಕನ ಜಾಗದಲ್ಲಿ ಬೇರೊಬ್ಬರನ್ನು ಮಲಗಿಸಿದ್ದರು. ಮುಂದಿನ ಸರದಿ ಬರುವಷ್ಟರಲ್ಲಿ ಅವಳ ಕಾಲು ಊದಿ ಕಂಬವಾದವು. ಮಲಗಿದರೆ ಉಸಿರು ಸಿಗದೆ ಗೋಡೆಗೆ ಒರಗಿ ಕೂತೇ ಇದ್ದಳು. ಇನ್ನೊಂದು ಸಲ ಹೀಗಾದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿಬಿಟ್ಟರು. ವ್ಯಾಪಾರಿಗೆ ಅನ್ನ ಸೇರಲಿಲ್ಲ.

ಅವನು ಮೆಕ್ಯಾನಿಕ್ಕುಗಳನ್ನು ಸುತ್ತತೊಡಗಿದ. ಹೇಗೆ ಹೋಗುತ್ತಿದ್ದ ಎಂಬುದನ್ನು ಕೇಳು. ಅಂಗಡಿಯ ಕೆಲಸ ಮುಗಿಸಿ, ಮಧ್ಯಾಹ್ನ ಗಾಡಿಯನ್ನು ಚೆನ್ನಾಗಿ ತೊಳೆದು, ಮುಂದಿನ ಗಾಜಿಗೆ ಕುಂಕುಮ ಇಟ್ಟು, ಹತ್ತು ಮೈಲಿ ಓಡಿಸಿಕೊಂಡು ಹೋಗಿ ಗ್ಯಾರೇಜಿನ ಮುಂದೆ ನಿಲ್ಲಿಸುತ್ತಿದ್ದ. ಮೆಕ್ಯಾನಿಕ್ ಕೀಲಿ ತಿರುಗಿಸುತ್ತಿದ್ದ. ಗಾಡಿ ತಟ್ಟನೆ ಹೊರಡುತ್ತಿತ್ತು. "ಏನ್ರೀ ಆಗಿದೆ ಇದಕ್ಕೆ?" ಎಂದು ಅವನು ಕೇಳುವುದು, "ಬೆಳಿಗ್ಗೆ ಹೊರಡೋಲ್ಲ" ಎಂದು ಇವನು ಹೇಳುವುದು. ಬಂದ ಗಿರಾಕಿಯನ್ನು ಬರಿಗೈಲಿ ಕಳಿಸುವುದು ಹೇಗೆ? ಮೊದಲನೆಯವನು ಬ್ಯಾಟರಿ ಬದಲಿಸಿದ. ಎರಡನೆಯವನು ಡೀಸೆಲ್ ಫಿಲ್ಟರ್ ಬದಲಿಸಿದ. ಮೂರನೆಯವನು ಅದೇನೋ ಬಿಚ್ಚಿ, ಮತ್ತೆ ಹಾಗೆಯೇ ಹಾಕಿದ. ಮರುದಿನ ಬೆಳಿಗ್ಗೆ ಗಾಡಿಯದು ಮತ್ತದೇ ರಾಗ. ಪಕ್ಕದ ಮನೆಯವರು ಇದು ದೃಷ್ಟಿಯೇ ಸರಿ ಎಂದು ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಡಿಸಿದರು. ನಿಂಬೆಹಣ್ಣು ಅಪ್ಪಚ್ಚಿಯಾಗಬೇಕಾದರೂ ಗಾಡಿ ಮುಂದಕ್ಕೆ ಚಲಿಸಬೇಕಲ್ಲಪ್ಪ! ಅದಕ್ಕೂ ಜನರೇ ತಳ್ಳಿದರು.

ಕೊನೆಗೆ ಯಾರೋ ಮೌಲಾಸಾಬ್ ಎಂಬ ಮುದಿ ಮೆಕ್ಯಾನಿಕ್ಕಿನ ಹೆಸರು ಹೇಳಿದರು. ವ್ಯಾಪಾರಿ ಎಂದಿನಂತೆ ಮಧ್ಯಾಹ್ನ ಹೋದ. ಮೌಲಾಸಾಬ್ ಕೀಲಿ ಮುಟ್ಟಲಿಲ್ಲ. ಬಾನೆಟ್ಟಿನ ಮೇಲೆ ಅಂಗೈ ಇಟ್ಟ, ತೆಗೆದ.

"ಬಿಸಿ ಇದೆ ಸಾವ್ಕಾರ್ರೇ. ಬಿಸಿ ಗಾಡಿ ನೋಡಿ ಏನು ಹೇಳಲಿ? ರಾತ್ರಿ ಇಲ್ಲೇ ಬಿಟ್ಟು ಹೋಗಿ, ಬೆಳಿಗ್ಗೆ ನೋಡ್ತೀನಿ."

"ಆಗೋದಿಲ್ಲ ಸಾಬರೇ. ನಾಳೆ ಮಂಗಳವಾರ. ಅಕ್ಕನ ಸರದಿ."

ಮೌಲಾಸಾಬ್, "ಹಾಗಾದರೆ ಗಾಡಿ ಇರೋ ಕಡೆಗೆ ನಾನೇ ಬರ್ತೀನಿ. ಐದಕ್ಕೆ" ಎಂದ.

ವ್ಯಾಪಾರಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಮನೆಗೆ ಬಂದ ಮೇಲೆ ಸಂತೋಷ ಇಳಿದು ಸಂಕೋಚ ಹತ್ತಿತು. ಅಷ್ಟು ದೊಡ್ಡ ಕಸಬುದಾರ ನಮ್ಮ ಮನೆ ಬಾಗಿಲಿಗೆ ಬರುತ್ತಾನೆ. ಬಂದವನ ಎದುರಿಗೆ ಈ ಗಾಡಿ ಕೆಮ್ಮಿಕೊಂಡು, ಹೊಗೆ ಉಗುಳಿಕೊಂಡು ನಿಂತರೆ? ಮಂಕಿ ಟೋಪಿಯವರು ಬಂದು ತಳ್ಳಿದರೆ? ಬೀದಿಯಲ್ಲಿ ಮಾನ ಉಳಿದೀತೇ? ನೆಂಟರು ಬರುವ ದಿನ ಹರಿದ ಚಾಪೆಯನ್ನು ಮಂಚದ ಕೆಳಗೆ ತಳ್ಳುವ ಜನ ನಾವು. ಅವನೂ ನಮ್ಮವನೇ. ಮಂಗಳವಾರ ಇನ್ನೂ ನಾಲ್ಕು ಹೊಡೆಯುವ ಮುಂಚೆ ಎದ್ದ. ನೆರೆಯವರನ್ನು ಮೆಲ್ಲಗೆ ಕೂಗಿ ಗಾಡಿ ತಳ್ಳಿಸಿದ. ಕಾಲು ಗಂಟೆ ಓಡಿಸಿದ. ತಂದು ನಿಲ್ಲಿಸಿ, ಮೇಲಿನ ಇಬ್ಬನಿ ಒರೆಸಿ, ಏನೂ ಅರಿಯದವನಂತೆ ಜಗಲಿಯ ಮೇಲೆ ಕೂತ.

ಮೌಲಾಸಾಬ್ ತನ್ನ ಮೊಪೆಡ್ಡಿನಲ್ಲಿ ನಡುಗುತ್ತಾ ಬಂದ. ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಆ ಚಳಿಗೆ ಆ ಬೆಚ್ಚಗಿನ ತಗಡು ಅವನ ಕೈಗೆ ಹಿತವಾಗಿಯೇ ಇದ್ದಿರಬೇಕು. ಜಗಲಿಯ ಮೇಲೆ ಬಂದು ಕೂತು ಚಹಾ ಕೇಳಿದ.

ಚಹಾ ತಂದ ಅಕ್ಕ ಮೌಲಾಸಾಬನ ಮುಖ ನೋಡಿದಳು, ತಮ್ಮನ ಮುಖ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು. ಲೋಟ ಕೆಳಗಿಟ್ಟು ತಮ್ಮನ ತಲೆಗೊಂದು ಮೊಟಕಿದಳು.

"ಬುದ್ಧಿಗೇಡಿ! ರೋಗ ಹೇಳೋದಕ್ಕೆ ನಾಚಿಕೆಯೇನೋ? ನಾನೂ ನಿನ್ನ ಹಾಗೇ ಮಾಡಿದೆ. ಮೊದಮೊದಲು ಕಾಲು ಊದಿದಾಗ ನೀನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗ್ತಿದ್ದೆಯಲ್ಲ, ಆ ದಿನ ಒಳ್ಳೇ ಸೀರೆ ಉಟ್ಟು, ಕಾಲು ಮುಚ್ಚಿಕೊಂಡು, ನಗ್ತಾ ಕೂರ್ತಿದ್ದೆ. ಹೇಗಿದ್ದೀರಮ್ಮಾ ಅಂದರೆ ಆರಾಮ ಇದ್ದೀನಿ ಅಂತಿದ್ದೆ. ನೀನು ಹೆದರ್ತೀಯ ಅಂತ ಕಣೋ. ಆರು ತಿಂಗಳು ಹಾಗೇ ಕಳೆದೆ. ಅವತ್ತೇ ಕಾಲು ತೋರಿಸಿದ್ದರೆ ಇವತ್ತು ಯಂತ್ರಕ್ಕೆ ಮೈ ಒಡ್ಡಬೇಕಾಗಿರಲಿಲ್ಲ."

ವ್ಯಾಪಾರಿ ಇದನ್ನು ಮೊದಲ ಸಲ ಕೇಳುತ್ತಿದ್ದ. ಅಷ್ಟು ದೊಡ್ಡ ಗಂಡಸು, ಮೀಸೆ ಹೊತ್ತವನು, ಅಕ್ಕನ ಸೆರಗು ಹಿಡಿದುಕೊಂಡು ಅತ್ತ. ಅವಳು ಅವನ ಬೆನ್ನು ಸವರಿ, "ಸಾಕು ಏಳು, ಹೊತ್ತಾಯ್ತು" ಎಂದಳು. ಆ ದಿನ ಗಾಡಿ ಬೆಚ್ಚಗಿತ್ತು, ಆಸ್ಪತ್ರೆಗೆ ಸರಿಯಾದ ಹೊತ್ತಿಗೆ ಮುಟ್ಟಿದರು.

ಹೊರಡುವ ಮುಂಚೆ ಮೌಲಾಸಾಬ್ ಹೇಳಿದ್ದು ಇಷ್ಟೇ: "ನಾಳೆ, ನಾಡಿದ್ದು ತಂಗಿಯ ಮಗಳ ಮದುವೆ. ಶುಕ್ರವಾರ ಬರ್ತೀನಿ."

ಶುಕ್ರವಾರವೂ ಅಕ್ಕನ ಸರದಿಯೇ. ಗುರುವಾರ ಸಂಜೆಯಿಂದ ವ್ಯಾಪಾರಿ ಗಾಡಿಯನ್ನೇ ಸುತ್ತುತ್ತಿದ್ದ. ಗಾಡಿ ಹೊರಡದಿದ್ದರೆ? ಮತ್ತೆ ಸರದಿ ತಪ್ಪಿದರೆ? ಇದೊಂದು ಸಲ ಬಿಸಿ ಮಾಡಿಡಲೇ ಎಂದು ಅಕ್ಕನನ್ನು ಕೇಳಿದ. "ಮುಟ್ಟಿದರೆ ನೋಡು, ನಾನು ಆಸ್ಪತ್ರೆಗೇ ಬರೋಲ್ಲ" ಎಂದಳು ಅವಳು. ಮುಂಜಾನೆ ಮೂರೂವರೆಗೇ ಅವನಿಗೆ ಎಚ್ಚರವಾಯಿತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ.

ಮೌಲಾಸಾಬ್ ಬಂದ, ಅಂಗೈ ಇಟ್ಟ. ತಗಡು ಮಂಜುಗಡ್ಡೆಯ ಹಾಗಿತ್ತು. "ಈಗ ತಿರುಗಿಸಿ" ಎಂದ. ವ್ಯಾಪಾರಿ ತಿರುಗಿಸಿದ. ಗರಗರ, ಬಿಳೀ ಹೊಗೆ, ಮತ್ತೆ ಗರಗರ. ಮಂಕಿ ಟೋಪಿಗಳು ಬಾಗಿಲು ತೆರೆದು ಇಣುಕಿದವು. ಹಿಂದಿನ ಸೀಟಿನಲ್ಲಿ ಅಕ್ಕ ಕೈಚೀಲ ಅವುಚಿಕೊಂಡು ಕೂತಿದ್ದಳು. ವ್ಯಾಪಾರಿಗೆ ತಡೆಯಲಾಗಲಿಲ್ಲ. "ಬನ್ರೋ, ತಳ್ರೋ" ಎಂದು ಕೂಗಲು ಬಾಯಿ ತೆರೆದ. ಮೌಲಾಸಾಬ್ ಅವನ ಮಣಿಕಟ್ಟು ಹಿಡಿದು, "ಸುಮ್ಮನಿರಿ ಸಾವ್ಕಾರ್ರೇ. ಇಷ್ಟು ದಿನಕ್ಕೆ ಅದು ನಿಜ ಹೇಳ್ತಾ ಇದೆ, ಹೇಳಲಿ ಬಿಡಿ" ಎಂದ.

ಡೀಸೆಲ್ ಎಂಜಿನ್ನಿಗೆ ಕಿಡಿ ಹೊತ್ತಿಸುವವರಿಲ್ಲ. ಅದು ತನ್ನ ಒಳಗಿನ ಕಾವಿನಿಂದಲೇ ಹೊತ್ತಿಕೊಳ್ಳಬೇಕು. ಚಳಿಯಲ್ಲಿ ಆ ಕಾವು ಸಾಲದು ಎಂದು ಒಳಗೆ ಬೆರಳುದ್ದದ ನಾಲ್ಕು ಹೀಟರ್ ಪ್ಲಗ್ ಇಟ್ಟಿರುತ್ತಾರೆ. ಮೌಲಾಸಾಬ್ ಒಂದು ಸಣ್ಣ ಬಲ್ಬಿಗೆ ತಂತಿ ಸಿಕ್ಕಿಸಿ ಒಂದೊಂದನ್ನೇ ಮುಟ್ಟಿಸಿ ನೋಡಿದ. ಒಂದಕ್ಕೆ ಬಲ್ಬು ಹೊತ್ತಿತು. ಉಳಿದ ಮೂರೂ ಸತ್ತಿದ್ದವು. ಎಂಜಿನ್ ಬಿಸಿಯಿದ್ದಾಗ ಅವುಗಳ ಹಂಗೇ ಇಲ್ಲ. ಆದ್ದರಿಂದ ಮಧ್ಯಾಹ್ನ ನೋಡಿದವರಿಗೆ ಅವು ಸತ್ತದ್ದು ತಿಳಿಯಲಿಲ್ಲ.

ಮೌಲಾಸಾಬ್ ಚೀಲದಿಂದ ಹೊಸ ಪ್ಲಗ್ಗುಗಳನ್ನು ತೆಗೆದು ಸರಸರನೆ ಹಾಕಿದ. ಹತ್ತು ಎಣಿಸಿ ತಿರುಗಿಸಲು ಹೇಳಿದ. ವ್ಯಾಪಾರಿ ಎಣಿಸಿದ. ತಿರುಗಿಸಿದ. ಗಾಡಿ ಒಂದೇ ಮಾತಿಗೆ ಹೊರಟಿತು. ಮಂಕಿ ಟೋಪಿಗಳು ಕೇಕೆ ಹಾಕಿದವು. ಅವರಿಗೂ ಸಾಕಾಗಿತ್ತು ಪಾಪ.

"ಚೀಲದಲ್ಲೇ ತಂದಿದ್ದೀರಿ ಅಂದರೆ ನಿಮಗೆ ಮೊದಲೇ ಗೊತ್ತಿತ್ತು. ಮಂಗಳವಾರವೇ ಯಾಕೆ ಹಾಕಲಿಲ್ಲ?" ಎಂದು ವ್ಯಾಪಾರಿ ಕೇಳಿದ.

"ಅದು ನನ್ನ ಊಹೆ. ಬ್ಯಾಟರಿ ಬದಲಿಸಿದವನೂ ಊಹೆ ಮಾಡಿಯೇ ಬದಲಿಸಿದ್ದು. ಅವರೆಲ್ಲ ನನಗಿಂತ ಕಡಿಮೆಯವರೇನಲ್ಲ ಸಾವ್ಕಾರ್ರೇ. ನೀವು ಅವರಿಗೆ ರೋಗವಿಲ್ಲದ ಗಾಡಿ ತೋರಿಸಿದಿರಿ. ಹೋಗಿ ಹೋಗಿ, ಅಕ್ಕಾವ್ರಿಗೆ ಹೊತ್ತಾಗ್ತದೆ."

ಅಕ್ಕ ಕಿಟಕಿಯಿಂದ ಕೈ ಚಾಚಿ ಮೌಲಾಸಾಬನ ಕೈಗೆ ಒಂದು ಅಚ್ಚು ಬೆಲ್ಲ ಇಟ್ಟಳು. ಆರೂಮುಕ್ಕಾಲಕ್ಕೆ ಅವರು ಆಸ್ಪತ್ರೆಯ ಬಾಗಿಲಲ್ಲಿದ್ದರು. ಅಲ್ಲಿಂದ ಮುಂದೆ ಅಕ್ಕನ ಸರದಿ ಒಂದು ದಿನವೂ ತಪ್ಪಲಿಲ್ಲ.

ಹಾಲಯ್ಯನವರು ಕತೆ ನಿಲ್ಲಿಸಿದರು. ಕೊಟ್ರೇಶ ನಗುತ್ತಿದ್ದ. ಸೋಮವಾರದ ಮಡಿ ಪಂಚೆ ಉಟ್ಟಿದ್ದ. ಹಣೆಯ ಮೇಲೆ ವಿಭೂತಿ ಒಣಗಿ ಅಚ್ಚುಕಟ್ಟಾಗಿತ್ತು. ಮುಖದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ.

"ಒಳ್ಳೆಯ ಪೆದ್ದ ಆ ವ್ಯಾಪಾರಿ" ಎಂದ. "ಆದರೆ ಗುರುಗಳೇ, ನಾನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ."

ಹಾಲಯ್ಯನವರು ಅವನ ಹೆಗಲ ಮೇಲೆ ಕೈಯಿಟ್ಟರು.

"ಆರು ವರ್ಷದಲ್ಲಿ ನಿನ್ನ ಸಿಟ್ಟನ್ನು ನಾನು ಒಂದು ಸಲವೂ ಕಂಡಿಲ್ಲ. ನಾಳೆ ಬೆಳಿಗ್ಗೆ ನಿನ್ನ ಮನೆಗೆ ಬರುತ್ತೇನೆ ಕೊಟ್ರೇಶ, ನಾನು ಬರುವುದರೊಳಗೆ ಎದ್ದು ಒಳ್ಳೆಯವನಾಗಿ ಕೂತಿರಬೇಡ."